ಹೆಸರೊಂದರ ದಫ್ತರ

ಕೆಲವು ವರ್ಷಗಳ ಕೆಳಗೆ ನಮ್ಮದೊಂದು ಸಣ್ಣ ಸಾಹಿತ್ಯಸಂಘದ ಜಾಲತಾಣವನ್ನು ಹಳೆಯ ಕಂಪನಿಯಿಂದ ಬಿಡಿಸಿ ಹೊಸದೊಂದಕ್ಕೆ ಸಾಗಿಸತಕ್ಕ ಹೊಣೆ ನನ್ನ ತಲೆಗೆ ಬಂದಿತ್ತು. ತಾಣವೇನೋ ಮರುದಿನವೇ ಹೊಸ ಬಿಡಾರದಲ್ಲಿ ಕಾಣಿಸಿಕೊಂಡಿತು. ಆದರೆ ಸಂಘದ ಹೆಸರಿಗೆ ಬರುತ್ತಿದ್ದ ಇಮೇಲುಗಳು ಮಾತ್ರ ಥಟ್ಟನೆ ನಿಂತುಹೋದುವು. ಎರಡು ದಿನ ಕಾದ ಕಾರ್ಯದರ್ಶಿಗಳು, “ಏನು ಸ್ವಾಮಿ, ಸಂಘಕ್ಕೆ ಬೀಗ ಹಾಕಿಬಿಟ್ಟಿರೋ ಹೇಗೆ?” ಎಂದು ಫೋನಿನಲ್ಲಿ ವಿಚಾರಿಸಿದರು. ಹೆಸರು ಒಂದೇ ಆದರೂ ಅದರ ದಫ್ತರದಲ್ಲಿ ನಮೂದುಗಳು ಹಲವೆಂಬುದು ನನಗೆ ತಿಳಿದದ್ದು ಅಂದು.

ಅಂತರಜಾಲದ ಯಂತ್ರಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. ಮನುಷ್ಯನ ನೆನಪಿಗೆ ಒಗ್ಗುವುದು ಹೆಸರು. ಮೊದಮೊದಲು ಈ ಎರಡನ್ನೂ ಹೊಂದಿಸುವ ಪಟ್ಟಿ ಒಂದೇ ಒಂದು ಕಡತದಲ್ಲಿದ್ದು, ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಇರಿಸುತ್ತಿತ್ತು. ಉಳಿದ ಯಂತ್ರಗಳೆಲ್ಲ ಅದರ ಪ್ರತಿ ತೆಗೆದುಕೊಳ್ಳುತ್ತಿದ್ದುವು. ಯಂತ್ರಗಳು ಹೆಚ್ಚಿದಂತೆ ಈ ಏಕಲೇಖಕ ವ್ಯವಸ್ಥೆ ಭಾರವನ್ನು ತಾಳಲಾರದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಎಂಬ ಹೆಸರುಗಳ ವ್ಯವಸ್ಥೆ ಆ ಪಟ್ಟಿಯನ್ನು ಹಂಚಿ, ಆಯಾ ಹೆಸರಿನ ಲೆಕ್ಕವನ್ನು ಆಯಾ ಹೆಸರಿನವರೇ ಇಟ್ಟುಕೊಳ್ಳುವಂತೆ ಮಾಡಿತು. ಊರೂರಿಗೂ ಒಬ್ಬ ಶ್ಯಾನುಭೋಗನನ್ನು ನೇಮಿಸಿದಂತೆ ಎನ್ನಬಹುದು.

ಈ ಶ್ಯಾನುಭೋಗನ ಬಳಿ ಹೋದವನು ಬರಿದೆ ಹೆಸರು ಹೇಳಿದರೆ ಸಾಲದು; ಯಾವ ನಮೂದು ಬೇಕೆಂದೂ ಹೇಳಬೇಕು. ತಾಣವಿರುವ ಯಂತ್ರ ಬೇಕಾದರೆ ‘ಎ’ ನಮೂದು: 192.0.2.10 ಎಂಬಂತಹ 32 ಬಿಟ್ಟುಗಳ ವಿಳಾಸ. ಆ ಬಗೆಯ ವಿಳಾಸಗಳು ಜಗತ್ತಿಗೆ ಸಾಲದಾದಾಗ ನಾಲ್ಕು ಪಟ್ಟು ಉದ್ದದ, 128 ಬಿಟ್ಟುಗಳ ವಿಳಾಸ ಬಂದಿತು. ಅದರ ನಮೂದಿಗೆ ನಾಲ್ಕು ‘ಎ’ಗಳನ್ನು ಸಾಲಾಗಿ ಬರೆದು ‘ಎಎಎಎ’ ಎಂದೇ ಹೆಸರಿಟ್ಟರು. ಎಂಜಿನಿಯರುಗಳಿಗೂ ವಿನೋದವುಂಟು. ‘ಸಿನೇಮ್’ ಎಂಬುದು ಅಡ್ಡಹೆಸರಿನವನನ್ನು ಅಸಲು ಹೆಸರಿನತ್ತ ಕಳುಹಿಸುತ್ತದೆ. ಅದಿರುವ ಹೆಸರಿನಲ್ಲಿ ಸಾಮಾನ್ಯವಾಗಿ ಬೇರೆ ನಮೂದಿಗೆ ಎಡೆಯಿಲ್ಲ.

ನಾನು ಎಡವಿದ್ದು ‘ಎಂಎಕ್ಸ್’ ನಮೂದಿನಲ್ಲಿ. ಈ ಹೆಸರಿನ ಟಪಾಲನ್ನು ಯಾರು ಸ್ವೀಕರಿಸುವರೆಂದು ಹೇಳುವುದು ಅದು; ಒಬ್ಬರಿಗಿಂತ ಹೆಚ್ಚಿದ್ದರೆ ಪ್ರತಿಯೊಬ್ಬರ ಮುಂದೆ 10, 20 ಎಂದು ಅಂಕಿಯಿರುತ್ತದೆ, ಚಿಕ್ಕ ಅಂಕಿಯವರ ಬಾಗಿಲನ್ನೇ ಮೊದಲು ತಟ್ಟಬೇಕು. ಹೊಸ ಕಂಪನಿಯ ದಫ್ತರಕ್ಕೆ ನಾನು ‘ಎ’ ನಮೂದನ್ನು ಇಳಿಸಿಕೊಂಡು, ಎಂಎಕ್ಸನ್ನು ಮರೆತಿದ್ದೆ. ಅದಿಲ್ಲದಿದ್ದಾಗ ಅಂಚೆಯ ಯಂತ್ರಗಳು ‘ಎ’ ತೋರಿಸುವ ಮನೆಗೇ ಹೋಗಬೇಕೆಂಬುದು ನಿಯಮ. ನಮ್ಮ ತಾಣದ ಯಂತ್ರದಲ್ಲಿ ಟಪಾಲು ತೆಗೆದುಕೊಳ್ಳುವವರೇ ಇರಲಿಲ್ಲವಾಗಿ, ಕಳುಹಿಸಿದವರ ಕಡೆಯಲ್ಲಿಯೇ ಕಾಗದಗಳು ಸಾಲುಗಟ್ಟಿ ನಿಂತುವು. ನಮೂದನ್ನು ಸೇರಿಸಿದ ಮೇಲೆ ಎರಡು ದಿನದ ಕಾಗದಗಳೆಲ್ಲ ಒಟ್ಟಿಗೆ ನುಗ್ಗಿಬಂದುವು, ಅವುಗಳಲ್ಲಿ ಮೂರು, ಕಾರ್ಯದರ್ಶಿಗಳವೇ, “ತಲುಪಿತೆ?” ಎಂಬ ಪ್ರಶ್ನೆಗಳು.

ಬಂದ ಟಪಾಲಿನ ಕಥೆ ಇದಾದರೆ, ಹೋದ ಟಪಾಲಿಗೆ ಸಾಕ್ಷಿ ಬೇಕು. ನಮ್ಮ ಹೆಸರಿನಲ್ಲಿ ಕಾಗದ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬ ಘೋಷಣೆ ‘ಟೆಕ್ಸ್ಟ್’ ನಮೂದಿನಲ್ಲಿರುತ್ತದೆ. ಮನಸ್ಸಿಗೆ ಬಂದ ವಾಕ್ಯವನ್ನು ಬರೆದಿಡಲು ಮಾಡಿದ್ದ ಆ ಬಡ ಅಂಕಣ, ಕಳ್ಳಮೇಲಿನ ಕಾಲದಲ್ಲಿ ಕಾವಲುಗಾರನಾಗಿ ಬಡ್ತಿ ಪಡೆದಿದೆ. ಅಂಕಿಯಿಂದ ಹೆಸರಿಗೆ ಹಿಂದಿರುಗುವ ‘ಪಿಟಿಆರ್’ ಕೂಡ ಇಂತಹ ಪರೀಕ್ಷೆಗಳಲ್ಲಿಯೇ ಹೆಚ್ಚಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನು ‘ಎನ್‌ಎಸ್’, ದಫ್ತರ ಯಾರ ವಶದಲ್ಲಿದೆ ಎಂಬುದನ್ನು ಹೇಳಿದರೆ, ‘ಎಸ್‌ಒಎ’ ಆ ದಫ್ತರದ ಮೊದಲ ಪುಟ. ತಿದ್ದಿದಾಗಲೆಲ್ಲ ಏರಿಸಬೇಕಾದ ಕ್ರಮಸಂಖ್ಯೆ ಅದರಲ್ಲಿದೆ; ಅನೇಕರು ಅದನ್ನು ತಾರೀಖಿನಂತೆ 2024051501 ಎಂದು ಬರೆಯುತ್ತಾರೆ. ಮೇಲ್ವಿಚಾರಕರ ಇಮೇಲ್ ವಿಳಾಸವೂ ಅಲ್ಲಿಯೇ ಇದ್ದು, ‘ಅಟ್’ ಚಿಹ್ನೆಯ ಜಾಗದಲ್ಲಿ ಬರಿಯ ಚುಕ್ಕಿಯಿರುತ್ತದೆ. ಅರಿಯದವರು ಅದನ್ನು ಅಚ್ಚಿನ ತಪ್ಪೆಂದು ತಿಳಿಯುವುದು ಸಹಜ.

ನಮೂದು ತಿದ್ದಿದೊಡನೆ ಲೋಕಕ್ಕೆಲ್ಲ ತಿಳಿಯುವುದಿಲ್ಲ. ಪ್ರತಿಯೊಂದರ ಬೆನ್ನಿಗೂ ‘ಟಿಟಿಎಲ್’ ಎಂಬ ಅವಧಿ ಸೆಕೆಂಡುಗಳಲ್ಲಿರುತ್ತದೆ. 86400 ಎಂದಿದ್ದರೆ, ಒಮ್ಮೆ ಕೇಳಿಕೊಂಡು ಹೋದವನು ಒಂದು ದಿನದವರೆಗೆ ಹಳೆಯ ಉತ್ತರವನ್ನೇ ನಂಬಿಕೊಂಡಿರಬಹುದು. ಆದುದರಿಂದ ತಾಣವನ್ನು ಸಾಗಿಸಲು ಹೊರಟಿರುವ ವಾಚಕರು ಎರಡು ದಿನ ಮುಂಚಿತವಾಗಿಯೇ ಅದನ್ನು 300ಕ್ಕೆ ಇಳಿಸಿ, ಹಳೆಯ ದಫ್ತರದ ಸಾಲುಗಳನ್ನೆಲ್ಲ ಒಂದು ಕಾಗದದ ಮೇಲೆ ಇಳಿಸಿಟ್ಟುಕೊಳ್ಳತಕ್ಕದ್ದು.