ಅಂಚೆಚೀಟಿಯ ಮೇಲೆ ಕಾಳಿಂಗ

ಊರಿನಿಂದ ಬಂದ ಕಾಗದದ ಅಂಚೆಚೀಟಿಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಪುಸ್ತಕದೊಳಗೆ ಇಟ್ಟ ನೆನಪು ನಿಮಗೂ ಇರಬಹುದು. 2003ರಲ್ಲಿ ನಮ್ಮ ಅಂಚೆ ಇಲಾಖೆ ಹಾವುಗಳ ನಾಲ್ಕು ಚೀಟಿಗಳನ್ನು ಹೊರತಂದಿತು. ಅವುಗಳಲ್ಲಿ ಒಂದು ಕಾಳಿಂಗ ಸರ್ಪದ್ದು.

ಜಗತ್ತಿನ ವಿಷದ ಹಾವುಗಳಲ್ಲೆಲ್ಲ ಉದ್ದವಾದದ್ದು ಇದೇ. 18 ಅಡಿಯವರೆಗೂ ಬೆಳೆಯಬಲ್ಲದು. ಇದರ ಮುಖ್ಯ ಆಹಾರ ಬೇರೆ ಹಾವುಗಳು! ಹೆಣ್ಣು ಕಾಳಿಂಗ ತರಗೆಲೆಗಳನ್ನು ಗುಡ್ಡೆ ಹಾಕಿ, ಗೂಡು ಮಾಡಿ ಮೊಟ್ಟೆ ಇಡುತ್ತದೆ, ಕಾವಲೂ ಕಾಯುತ್ತದೆ. ನಮ್ಮ ಆಗುಂಬೆಯ ಕಾಡು ಇದಕ್ಕೆ ಹೆಸರುವಾಸಿ.

ಚೀಟಿ ಬಂದಾಗ ಏಷ್ಯಾದಲ್ಲೆಲ್ಲ ಇರುವುದು ಒಂದೇ ಬಗೆಯ ಕಾಳಿಂಗ ಎಂದು ಎಣಿಸಿದ್ದರು. 2024ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕು ಪ್ರಭೇದಗಳಾಗಿ ಗುರುತಿಸಿದರು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಇಟ್ಟ ಹೆಸರೇನು ಗೊತ್ತೇ? 'ಒಫಿಯೋಫೇಗಸ್ ಕಾಳಿಂಗ'. ಹೌದು, ನಮ್ಮ ಕನ್ನಡದ ಮಾತೇ!

ಹೆಮ್ಮೆಯ ಜೊತೆ ಎಚ್ಚರವೂ ಇರಲಿ. ನಮ್ಮ ಆಸ್ಪತ್ರೆಗಳ ಸಾಮಾನ್ಯ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆಂದು ಮಾಡಿದ್ದು. ಕಾಳಿಂಗಕ್ಕೆಂದೇ ಮಾಡಿದ ಪ್ರತಿವಿಷ ತಯಾರಾಗುವುದು ದೂರದ ಥಾಯ್ಲೆಂಡಿನಲ್ಲಿ. ಹಾಗಾಗಿ ರಜೆಗೆ ಮಲೆನಾಡಿಗೆ ಹೋದಾಗ ಕಾಳಿಂಗ ಕಂಡರೆ ದೂರ ಸರಿದು ದಾರಿ ಬಿಡಿ. ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಯಾವ ಹಾವು ಕಚ್ಚಿದರೂ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗವನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಳಿಂಗದ ವಿಷ ಉಸಿರಾಟವನ್ನೇ ನಿಲ್ಲಿಸಬಲ್ಲದು. ಅಲ್ಲಿ ವೆಂಟಿಲೇಟರಿನ ಆಸರೆ ಸಿಕ್ಕರೆ ಜೀವ ಉಳಿದೀತು.

ಹಳೆಯ ಪುಸ್ತಕಗಳನ್ನು ಒಮ್ಮೆ ತಿರುವಿ ನೋಡಿ. ಆ ಚೀಟಿ ನಿಮ್ಮಲ್ಲೂ ಇದ್ದೀತು!