ಎಂ.ಆರ್.ಐ. ಇಂಜೆಕ್ಷನ್: ಹೊದಿಕೆಯೇ ರಕ್ಷಣೆ
ಮಿದುಳಿನಲ್ಲಿ ಗಡ್ಡೆಯ ಅನುಮಾನವಿದ್ದಾಗ ಎಂ.ಆರ್.ಐ. ಸ್ಕ್ಯಾನ್ ಜತೆಗೆ ರಕ್ತನಾಳಕ್ಕೆ ಒಂದು ಇಂಜೆಕ್ಷನ್ ಕೊಡುವುದುಂಟು. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಈ ಔಷಧದಲ್ಲಿರುವುದು ಲ್ಯಾಂಥನೈಡ್ ಗುಂಪಿನ ಗ್ಯಾಡೋಲಿನಿಯಂ ಲೋಹ. ಬಿಡಿಯಾಗಿ ದೇಹ ಸೇರಿದರೆ ಇದು ವಿಷ. ಹಾಗಾದರೆ ಕೊಡುವುದು ಹೇಗೆ?

ಶಿಡ್ಲಘಟ್ಟದ ರೇಷ್ಮೆಹುಳು ಗೂಡಿನೊಳಗಿರುವಂತೆ, ಲೋಹವನ್ನು ಇನ್ನೊಂದು ಅಣುವಿನೊಳಗೆ ಬಿಗಿಯಾಗಿ ಹುದುಗಿಸಿರುತ್ತಾರೆ. ಲೋಹಕ್ಕೆ ನೇರವಾಗಿ ಅಂಟಿಕೊಂಡ ಪರಮಾಣುಗಳ ಎಣಿಕೆಯೇ ಕೋಆರ್ಡಿನೇಷನ್ ಸಂಖ್ಯೆ. ಕಬ್ಬಿಣಕ್ಕೆ ಇದು ಸಾಮಾನ್ಯವಾಗಿ 6. ಗಾತ್ರದಲ್ಲಿ ದೊಡ್ಡದಾದ ಲ್ಯಾಂಥನೈಡ್‌ಗಳಿಗೆ ಹೆಚ್ಚಾಗಿ 8 ಅಥವಾ 9. ಈ ಇಂಜೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ 8 ಸ್ಥಾನಗಳನ್ನು ಹೊದಿಕೆ ಹಿಡಿದಿರುತ್ತದೆ, 9ನೆಯದು ನೀರಿಗೆ. ಅಲ್ಲಿ ನೀರು ಬಂದುಹೋಗುತ್ತಾ ಲೋಹದ ಕಾಂತಪ್ರಭಾವ ಸುತ್ತಲಿಗೂ ತಗಲಿ ಚಿತ್ರ ಬೆಳಗುತ್ತದೆ.

ಎಣಿಸುವುದು ಹೇಗೆ? ಹರಳಿಗೆ ಎಕ್ಸ್-ಕಿರಣ ಹಾಯಿಸಿ, ಅದು ಚದುರುವ ಬಗೆಯಿಂದ ಪರಮಾಣುಗಳ ಜಾಗ ಗುರುತಿಸುತ್ತಾರೆ. ದ್ರಾವಣದಲ್ಲಾದರೆ, ಅದೇ ಹೊದಿಕೆಯಲ್ಲಿ ನೆರೆಯ ಲೋಹ ಯೂರೋಪಿಯಂ ಇಟ್ಟು, ಅದರ ಹೊಳಪು ಸಾಧಾರಣ ನೀರಿನಲ್ಲೂ ಭಾರಜಲದಲ್ಲೂ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆದು, ಅಂಟಿದ ನೀರಿನ ಅಣುಗಳನ್ನು ಲೆಕ್ಕ ಹಾಕುತ್ತಾರೆ.

ಹಿಡಿತ ಸಡಿಲವಾದರೆ ತೊಂದರೆ. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಔಷಧ ಬೇಗ ಹೊರಹೋಗದು. ಅಂಥವರಲ್ಲಿ ಚರ್ಮ, ಕೀಲು ಬಿಗಿಯುವ ಕಾಯಿಲೆಗೂ ಈ ಇಂಜೆಕ್ಷನ್‌ಗೂ ನಂಟಿದೆಯೆಂದು 2006ರಲ್ಲಿ ಗೊತ್ತಾಯಿತು. ಲೋಹವನ್ನು ಉಂಗುರದಂತೆ ಸುತ್ತುವರಿದ ಹೊದಿಕೆಯ ಔಷಧಗಳಲ್ಲಿ ಈ ಅಪಾಯ ಬಹಳ ಕಡಿಮೆ.

ಚಿಂತಾಮಣಿ, ಗೌರಿಬಿದನೂರುಗಳಿಂದ ಸ್ಕ್ಯಾನ್‌ಗೆ ಹೊರಡುವವರು ಇತ್ತೀಚಿನ ಕ್ರಿಯಾಟಿನಿನ್ ವರದಿ ಜತೆಗೊಯ್ಯಿರಿ. ಡಯಾಲಿಸಿಸ್, ಬಸಿರು, ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಮೂತ್ರಪಿಂಡ ಸರಿಯಿದ್ದವರು ಹೆದರಿ ಸ್ಕ್ಯಾನ್ ಬಿಡಬೇಕಿಲ್ಲ.