ಏಳು ವಾರ ಕಾರು ಮುಟ್ಟಬೇಡಮ್ಮ

ಕಳೆದ ವರ್ಷ ಜುಲೈಯಲ್ಲಿ ಒಂದು ಭಾನುವಾರ, ನಾನು ಜುಬೈಲ್‌ನಲ್ಲಿ ಪ್ಲಾಂಟ್ ಶಟ್‌ಡೌನ್ ಕೆಲಸದಲ್ಲಿದ್ದಾಗ, ನಂತೂರಿನ ಮನೆಯಿಂದ ಫೋನ್ ಬಂತು. ಅಮ್ಮನ ನಂಬರ್. ಆದರೆ ಮಾತಾಡಿದ್ದು ಪಕ್ಕದ ಮನೆಯ ಅಕ್ಕ.

“ಗಾಬರಿ ಆಗ್ಬೇಡ. ಅಮ್ಮನಿಗೆ ತಲೆ ತಿರುಗಿ ಸ್ವಲ್ಪ ವಾಂತಿ ಆಯ್ತು. ಆಸ್ಪತ್ರೆಯಲ್ಲಿದ್ದೇವೆ. ಆಕ್ಸಿಜನ್ ಹಾಕಿದ್ದಾರೆ. ಈಗ ಮಾತಾಡ್ತಾರೆ.”

ಬಿಪಿ ಇರಬೇಕು ಅಂದುಕೊಂಡೆ. ಅಲ್ಲ. ಕಾರಣ ನನ್ನ ಕಾರು.

ಆ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಎರಡು ಡೋರಿನ, ನೆಲಕ್ಕೆ ಅಂಟಿಕೊಂಡಂತೆ ಕೂತಿರುವ, ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು. ಆರು ವರ್ಷದ ಉಳಿತಾಯ ಸುರಿದು ತಗೊಂಡದ್ದು. ಅದರಲ್ಲಿ ಕೂತರೆ ಎದ್ದು ಬರಲು ಅಮ್ಮನ ಮಂಡಿ ಒಪ್ಪುವುದಿಲ್ಲ. “ಇದಕ್ಕೆ ಕಾರು ಅಂತ ಹೇಳುದಾ, ಮಣೆ ಅಂತ ಹೇಳುದಾ” ಅಂತ ಅವಳ ತಕರಾರು. ಆದರೂ ನಾನು ಊರಲ್ಲಿಲ್ಲದಾಗ ಅದನ್ನು ನೋಡಿಕೊಳ್ಳುವುದು ತನ್ನ ಕರ್ತವ್ಯ ಅಂತ ಅವಳೇ ತೀರ್ಮಾನಿಸಿಕೊಂಡಿದ್ದಳು. ಹೋಗುವಾಗ ನಾನೂ ಒಂದು ಮಾತು ಹೇಳಿ ಹೋಗಿದ್ದೆ: “ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡಮ್ಮ, ಬ್ಯಾಟರಿ ಹೋಗ್ತದೆ.”

ಈ ಸಲಹೆ ನಮ್ಮೆಲ್ಲರ ತಲೆಗೆ ಗಟ್ಟಿಯಾಗಿ ಕೂತದ್ದು ಲಾಕ್‌ಡೌನಿನಲ್ಲಿ. 2020ರ ಮಾರ್ಚ್ 25ಕ್ಕೆ 21 ದಿನ ಅಂತ ಶುರುವಾದದ್ದು ತಿಂಗಳುಗಟ್ಟಲೆ ಎಳೆಯಿತಲ್ಲ, ಆಗ ನಿಂತಲ್ಲೇ ಬ್ಯಾಟರಿ ಸತ್ತ ಕಾರುಗಳು ಪ್ರತಿ ರಸ್ತೆಯಲ್ಲೂ ಇದ್ದವು. ಫ್ಯಾಮಿಲಿ ಗ್ರೂಪಿನಲ್ಲಿ ಕಷಾಯದ ರೆಸಿಪಿ ಜತೆ ಇದೂ ಬರುತ್ತಿತ್ತು. ಕಾರು ಗೇಟಿನ ಎದುರು ಬಯಲಿನಲ್ಲಿ ನಿಂತಿದ್ದರೆ ಅದರಿಂದ ಜೀವಕ್ಕೆ ಅಪಾಯವೇನೂ ಆಗುತ್ತಿರಲಿಲ್ಲ. ನಮ್ಮ ಕಾರು ನಿಲ್ಲುವುದು ಮನೆಯ ಕೆಳಗೆ, ಮೂರು ಕಡೆ ಕೆಂಪುಕಲ್ಲಿನ ಗೋಡೆ, ಮುಂದೆ ರೋಲಿಂಗ್ ಶಟರ್ ಇರುವ ಗ್ಯಾರೇಜಿನಲ್ಲಿ.

ಆ ಭಾನುವಾರ ಗಾಳಿಮಳೆ. ಸೀಟಿಗೆ ಬೂಷ್ಟು ಬಂದಿದೆ, ಗಾಳಿ ಆಡಲಿ ಅಂತ ಅಮ್ಮ ಕಿಟಕಿ ಇಳಿಸಿದ್ದಳು. ಇರಿಚಲು ಒಳಗೆ ಬರಬಾರದಂತ ಶಟರ್ ಅರ್ಧಕ್ಕಿಂತ ಕೆಳಗೆ ಎಳೆದಳು. ಕಾರು ಸ್ಟಾರ್ಟ್ ಮಾಡಿ ಒಳಗೇ ಕೂತಳು. ಹತ್ತು ನಿಮಿಷ ಇಪ್ಪತ್ತೈದಾಯಿತು. “ಹೆಚ್ಚು ಹೊತ್ತು ಇಟ್ರೆ ಹೆಚ್ಚು ಒಳ್ಳೇದಲ್ವಾ ಅಂತ” ಅಂದಳು ಆಮೇಲೆ. ತಲೆ ಸಿಡಿಯತೊಡಗಿದಾಗ ಅದು ಹೇಗೋ ಆಫ್ ಮಾಡಿ ಹೊರಗೆ ಮೆಟ್ಟಿಲ ಮೇಲೆ ಬಂದು ಕೂತಿದ್ದಾಳೆ. ಪಕ್ಕದ ಮನೆಯ ಅಕ್ಕನ ಮಗಳು ನರ್ಸಿಂಗ್ ಓದುತ್ತಾಳೆ. ಅಮ್ಮನ ಅವಸ್ಥೆ, ಒಳಗಿನ ಹೊಗೆಯ ವಾಸನೆ ಎರಡನ್ನೂ ಸೇರಿಸಿ ಅರ್ಥ ಮಾಡಿಕೊಂಡದ್ದು ಅವಳೇ. ರಾತ್ರಿಯೊಳಗೆ ಅಮ್ಮ ಮನೆಗೆ ಬಂದಳು. ನನಗೆ ಆ ರಾತ್ರಿ ಜುಬೈಲ್‌ನಲ್ಲಿ ನಿದ್ದೆ ಬರಲಿಲ್ಲ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆಯ ವಾಸನೆ ಬಂದರೆ ಅದು ಅದರ ಜತೆ ಬರುವ ಬೇರೆ ಅನಿಲಗಳದ್ದು. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಕೆಲಸ ಶುರುಮಾಡಲು ಕೆಲವು ನೂರು ಡಿಗ್ರಿ ಬಿಸಿಯಾಗಬೇಕು. ವಾರದಿಂದ ತಣ್ಣಗೆ ಕೂತಿದ್ದ ಎಂಜಿನ್ ಮೊದಲ ಕೆಲವು ನಿಮಿಷ ಹೊರಗೆ ಬಿಡುವುದೇ ಅತಿ ಕೆಟ್ಟ ಹೊಗೆ. ಅಂದರೆ ನಾನು ಅಮ್ಮನಿಗೆ ಹೇಳಿ ಹೋದದ್ದು, ಆ ಕೆಟ್ಟ ಹೊಗೆಯನ್ನು ವಾರಕ್ಕೊಮ್ಮೆ ಕೋಣೆಯೊಳಗೆ ತುಂಬಿಸು ಅಂತ.

ಇಷ್ಟಾದರೂ ಕಾರಾದರೂ ಉಳಿಯಿತಾ? ಅದೂ ಇಲ್ಲ. ನಾನು ವಾಪಸ್ ಬಂದಾಗ ಬ್ಯಾಟರಿ ಡೆಡ್. ಹ್ಯಾಂಡ್‌ಬ್ರೇಕ್ ಬಿಟ್ಟರೂ ಹಿಂದಿನ ಚಕ್ರ ತಿರುಗುವುದಿಲ್ಲ. ಲೆದರ್ ಸೀಟಿನ ಮೇಲೆ ಬಿಳಿ ಬೂಷ್ಟು. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ತೆಂಗಿನ ನಾರಿನ ಗೂಡು, ಪಕ್ಕದಲ್ಲಿ ಇಲಿ ಕಡಿದ ವೈರು. ಒಟ್ಟು ಬಿಲ್ ₹32,000. ನಮ್ಮ ಮೆಕ್ಯಾನಿಕ್ ಅಣ್ಣ ಎಲ್ಲ ಕೇಳಿ ತಲೆ ಕೊಡವಿ, “ಎಂತ ಮಾರ್ರೆ, ನಿಲ್ಲಿಸುದಾದ್ರೆ ಸರಿಯಾಗಿ ನಿಲ್ಲಿಸ್ಬೇಕು. ಓಡಿಸುದಾದ್ರೆ ಸರಿಯಾಗಿ ಓಡಿಸ್ಬೇಕು. ಇದು ಎರಡೂ ಅಲ್ಲ” ಅಂದರು.

ಅವರು ಹೇಳಿದ್ದರ ಲೆಕ್ಕ ಹೀಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಕಾರು ಅರ್ಧ ಗಂಟೆ ರಸ್ತೆಯಲ್ಲಿ ಓಡಿದರೆ ಆ ಆವಿ ಬಿಸಿ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಹತ್ತು ನಿಮಿಷ ನಿಂತಲ್ಲೇ ಗುರ್ ಅಂದು ಆಫ್ ಆದರೆ ಸ್ವಲ್ಪ ನೀರು ಸೈಲೆನ್ಸರಿನಲ್ಲೂ ಸ್ವಲ್ಪ ಎಂಜಿನ್ ಆಯಿಲ್‌ನಲ್ಲೂ ಉಳಿಯುತ್ತದೆ. ಬ್ಯಾಟರಿಗೂ ಲಾಭ ಕಡಿಮೆ; ಸ್ಟಾರ್ಟ್ ಮಾಡಲು ಖರ್ಚಾದದ್ದು ಮತ್ತು ವಾರವಿಡೀ ಸೋರಿದ್ದು ಅಷ್ಟರಲ್ಲಿ ವಾಪಸ್ ತುಂಬುವುದಿಲ್ಲ.

ಈ ವರ್ಷ ಜೂನ್‌ನಲ್ಲಿ ಮತ್ತೆ ಏಳು ವಾರದ ಶಟ್‌ಡೌನ್ ಬಂತು. ಈ ಸಲ ಯಾರೂ ಮುಟ್ಟುವ ಅಗತ್ಯವೇ ಇಲ್ಲದಂತೆ ಕಾರನ್ನು ಮಲಗಿಸಿ ಹೋಗಬೇಕು ಅಂತ ಹಠ ಹಿಡಿದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಸುರಿಯುವುದು ನಾನು ಇಲ್ಲದ ಆ ತಿಂಗಳುಗಳಲ್ಲೇ. ಯೂಟ್ಯೂಬಿನಲ್ಲಿ ಸಿಗುವ ಸಲಹೆಗಳು ಹೆಚ್ಚಿನವು ಹಿಮ ಬೀಳುವ ಊರಿನವು. ನಮ್ಮ ಶತ್ರು ಚಳಿ ಅಲ್ಲ, ತೇವ. ಮತ್ತೆ ಇಲಿ.

ಹೊರಡುವ ಎರಡು ದಿನ ಮೊದಲು ಮಳೆ ಒಂದು ದಿನ ಬಿಡುವು ಕೊಟ್ಟಿತು. ಬೆಳಿಗ್ಗೆ ಕಾರು ತೊಳೆದೆ, ಚಕ್ರದ ಕಮಾನಿನೊಳಗಿನ ಕೆಂಪು ಮಣ್ಣು ಸಮೇತ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ಒರಸಿ ವ್ಯಾಕ್ಸ್ ಹಚ್ಚಿದೆ. ತೊಳೆದು ಹಾಗೇ ನಿಲ್ಲಿಸುವುದು ದೊಡ್ಡ ತಪ್ಪು. ಒದ್ದೆ ಡಿಸ್ಕಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ನಂತೂರು ಸರ್ಕಲ್‌ನ ಟ್ರಾಫಿಕ್‌ ಹೇಗೋ ದಾಟಿ ಹೈವೇಯಲ್ಲಿ ಸುರತ್ಕಲ್ ತನಕ ಹೋಗಿ ಬಂದೆ. ಎಂಜಿನ್, ಸೈಲೆನ್ಸರ್, ಬ್ರೇಕ್ ಎಲ್ಲ ಚೆನ್ನಾಗಿ ಬಿಸಿಯಾಗಿ ಒಣಗಿದವು. ಕೊನೆಯ ನಾಲ್ಕೈದು ಕಿಲೋಮೀಟರ್ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸಿದೆ. ಎಸಿ ಕಾಯಿಲ್ ಮೇಲೆ ಕೂತ ನೀರು ಒಣಗದೇ ಇದ್ದರೆ ಬೂಷ್ಟಿನ ವಾಸನೆ ಅಲ್ಲಿಂದಲೇ ಶುರು.

ಬರುವ ದಾರಿಯಲ್ಲಿ ಬಂಕಿನಲ್ಲಿ ಟ್ಯಾಂಕ್ ಫುಲ್. ಈಗಿನ ಪೆಟ್ರೋಲ್ ಇ20, ಶೇಕಡಾ 20ರ ತನಕ ಎಥನಾಲ್. ಎಥನಾಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ಟ್ಯಾಂಕ್ ತುಂಬಿದ್ದರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಫ್ಯೂಯಲ್ ಸ್ಟೆಬಿಲೈಸರ್ ಬಾಟಲಿ ಏಳು ವಾರಕ್ಕೆ ಬೇಡ, ಆರು ತಿಂಗಳು ನಿಲ್ಲಿಸುವವರು ಯೋಚಿಸಲಿ. ಅದೇ ಬಂಕಿನಲ್ಲಿ ಟೈರಿಗೆ 33ರ ಬದಲು 40 ಪಿಎಸ್‌ಐ ಗಾಳಿ. ಅಗಲದ, ತೆಳು ಬದಿಯ ಟೈರು ಒಂದೇ ಕಡೆ ಭಾರ ಹೊತ್ತು ನಿಂತರೆ ತಳ ಚಪ್ಪಟೆಯಾಗುತ್ತದೆ. ಗಾಳಿ ಹೆಚ್ಚಿದ್ದರೆ ಅದು ಕಡಿಮೆ. ಆದರೆ ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಮಿತಿ ದಾಟಬೇಡಿ. ಜಾಕ್ ಕೊಟ್ಟು ಎತ್ತಿ ನಿಲ್ಲಿಸುವ ಸಾಹಸ ಇಷ್ಟು ವಾರಕ್ಕೆ ಬೇಕಾಗಿಲ್ಲ.

ಆಯಿಲ್ ಬದಲಾವಣೆ ಮಾತ್ರ ಮೊದಲೇ ಮುಗಿಸಿದ್ದೆ. ಹಳೆ ಆಯಿಲ್‌ನಲ್ಲಿ ಆಮ್ಲದ ಅಂಶ, ನೀರು ಎಲ್ಲ ಸೇರಿರುತ್ತದೆ. ವಾಪಸ್ ಬಂದ ಮೇಲೆ ಬದಲಿಸುವುದಕ್ಕಿಂತ ಹೋಗುವ ಮೊದಲೇ ಬದಲಿಸುವುದು ಜಾಣತನ.

ಗ್ಯಾರೇಜಿನಲ್ಲಿ ಗೇರ್ ಪಿ, ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟದ್ದು, ಚಕ್ರದ ಹಿಂದೆ ಮುಂದೆ ಎರಡೆರಡು ಮರದ ತುಂಡು. ಕಳೆದ ಸಲ ಹ್ಯಾಂಡ್‌ಬ್ರೇಕ್ ಎಳೆದಿಟ್ಟದ್ದಕ್ಕೇ ಪ್ಯಾಡು ಡಿಸ್ಕಿಗೆ ಕಚ್ಚಿಕೊಂಡದ್ದು. ನಿಮ್ಮದು ಗೇರ್ ಇರುವ ಕಾರಾದರೆ ಫಸ್ಟ್ ಗೇರಿನಲ್ಲಿ ಬಿಡಿ.

ಬ್ಯಾಟರಿಯದ್ದು ಸಣ್ಣ ಲೆಕ್ಕ. ಅಲಾರಂ, ರಿಮೋಟ್ ರಿಸೀವರ್, ಗಡಿಯಾರ ಎಲ್ಲ ಸೇರಿ ನಿಂತ ಕಾರು 40 ಮಿಲಿಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ ಸುಮಾರು ಒಂದು ಆಂಪ್-ಅವರ್. ನನ್ನ ಬ್ಯಾಟರಿ 60 ಆಂಪ್-ಅವರ್. ಏಳು ವಾರ ಅಂದರೆ 49 ದಿನ. ಉಳಿಯುವ ಹನ್ನೆರಡು-ಹದಿಮೂರರಲ್ಲಿ ಕಾರು ಸ್ಟಾರ್ಟ್ ಆಗುವುದಿಲ್ಲ. ದಾರಿ ಎರಡು: ಪ್ಲಗ್ಗಿಗೆ ಹಾಕಿಡುವ ಬ್ಯಾಟರಿ ಮೇಂಟೇನರ್, ಅಥವಾ ನೆಗೆಟಿವ್ ಟರ್ಮಿನಲ್ ಕಳಚುವುದು. ಮೇಂಟೇನರ್ ಒಳ್ಳೆಯದೇ. ಆದರೆ ಗುಡುಗು ಮಿಂಚು ಬಂದರೆ ನಮ್ಮ ಮನೆಯಲ್ಲಿ ಟಿವಿ ಪ್ಲಗ್ಗೇ ಕೀಳುತ್ತಾರೆ. ಅಮ್ಮ ಮಿಂಚಿನಲ್ಲಿ ಗ್ಯಾರೇಜಿಗೆ ಇಳಿಯುವುದು ನನಗೆ ಬೇಡವಾಗಿತ್ತು. ಹತ್ತರ ಸ್ಪಾನರಿನಲ್ಲಿ ನೆಗೆಟಿವ್ ಕಳಚಿದೆ.

ಸ್ಪೋರ್ಟ್ಸ್ ಕಾರಿದ್ದವರು ಇಲ್ಲಿ ಒಂದು ನಿಮಿಷ ನಿಲ್ಲಿ. ನನ್ನ ಕಾರಿನಲ್ಲಿ ಬ್ಯಾಟರಿ ಡಿಕ್ಕಿಯೊಳಗೆ. ಡಿಕ್ಕಿ ತೆರೆಯುವುದು ಕರೆಂಟಿನ ಬೀಗ. ಟರ್ಮಿನಲ್ ಕಳಚಿ ಡಿಕ್ಕಿ ಹಾಕಿಬಿಟ್ಟರೆ ಮತ್ತೆ ತೆಗೆಯಲು ಮಾಮೂಲಿ ಲೋಹದ ಕೀಲಿಕೈಯೇ ಗತಿ. ಮೊದಲೇ ಪರೀಕ್ಷಿಸಿದೆ. ವರ್ಷಗಟ್ಟಲೆ ಯಾರೂ ಮುಟ್ಟದ ಕೀಹೋಲ್ ತಿರುಗಲೇ ಇಲ್ಲ! ಡಬ್ಲ್ಯುಡಿ-40 ಹೊಡೆದು ಕಾಲು ಗಂಟೆ ಗುದ್ದಾಡಿದ ಮೇಲೆ ಸರಿಯಾಯಿತು. ಇನ್ನೊಂದು, ಗಾಜಿಗೆ ಚೌಕಟ್ಟಿಲ್ಲದ ಬಾಗಿಲು. ಹ್ಯಾಂಡಲ್ ಎಳೆದಾಗ ಗಾಜು ತಾನೇ ಒಂದಿಷ್ಟು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಬ್ಯಾಟರಿ ಇಲ್ಲದಿದ್ದರೆ ಇಳಿಯುವುದಿಲ್ಲ. ಎಳೆದರೆ ರಬ್ಬರ್ ಹರಿಯಬಹುದು. ಹಾಗಾಗಿ ಒಳಗಿನ ಕೆಲಸ ಎಲ್ಲ ಮುಗಿಸಿ, ಗಾಜು ಏರಿಸಿ, ಬಾಗಿಲು ಹಾಕಿ, ಕೊನೆಯಲ್ಲಿ ಬ್ಯಾಟರಿ.

ಒಳಗಿನ ಕೆಲಸ ಅಂದರೆ ಸೀಟು ಒಣ ಬಟ್ಟೆಯಲ್ಲಿ ಒರಸಿ ಲೆದರ್ ಕ್ರೀಮ್, ಮ್ಯಾಟ್ ತೆಗೆದು ಮನೆಯೊಳಗೆ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಎರಡು. ಆ ಡಬ್ಬಿ ದಿನ ಕಳೆದಂತೆ ನೀರಿನಿಂದ ತುಂಬುತ್ತದೆ. ಅದು ಉಪ್ಪುನೀರು, ಚೆಲ್ಲಿದರೆ ಕೆಲಸ ಕೆಟ್ಟಿತು. ಅದಕ್ಕೇ ಅಗಲ ಸ್ಟೀಲ್ ತಟ್ಟೆಯಲ್ಲಿಟ್ಟೆ. ಪ್ಲಾಸ್ಟಿಕ್ ಕವರ್ ಹೊದೆಸಲಿಲ್ಲ. ಮಳೆಗಾಲದಲ್ಲಿ ಅದು ಕಾರಿಗೆ ರೇನ್‌ಕೋಟ್ ಹಾಕಿ ಬೆವರಿಸಿದ ಹಾಗೆ. ತೆಳು ಹತ್ತಿಯ ಹಳೆ ಬೆಡ್‌ಶೀಟ್ ಸಾಕು.

ಇಲಿಯ ವಿಷಯಕ್ಕೆ ಅಮ್ಮನ ಜತೆ ಸಣ್ಣ ಜಗಳವೇ ಆಯಿತು. ಗ್ಯಾರೇಜಿನ ಮೂಲೆಯಲ್ಲಿ ತೆಂಗಿನಕಾಯಿ ರಾಶಿ, ಒಣಕಟ್ಟಿಗೆ, ನಾಯಿಯ ತಿಂಡಿಯ ಚೀಲ. “ಇಲಿ ಕಾರಿಗೆ ಅಂತ ಬರುದಲ್ಲಮ್ಮ, ನಿನ್ನ ಕಾಯಿಗೆ ಅಂತ ಬಂದು ಕಾರಲ್ಲಿ ರೂಮ್ ಮಾಡ್ತದೆ” ಅಂದೆ. “ಹಾಗಾದ್ರೆ ಕಾಯಿ ನಿನ್ನ ರೂಮಲ್ಲಿ ಇಡ್ತೇನೆ” ಅಂದಳು. ಇಟ್ಟಳು ಕೂಡ. ಸೈಲೆನ್ಸರ್ ಬಾಯಿಗೆ, ಗಾಳಿ ಎಳೆಯುವ ಪೈಪಿಗೆ ತಂತಿಜಾಲರಿ ಕಟ್ಟಿದೆ. ಎರಡು ಇಲಿಬೋನು. ವಿಷ ಇಡಲಿಲ್ಲ, ತಿಂದ ಇಲಿ ಡ್ಯಾಶ್‌ಬೋರ್ಡಿನ ಹಿಂದೆ ಹೋಗಿ ಸತ್ತರೆ ಕಾರು ಮಾರುವುದೇ ಲೇಸು.

ಇನ್ಶೂರೆನ್ಸ್ ಜುಲೈಯಲ್ಲಿ ಮುಗಿಯುವುದಿತ್ತು, ಮೊದಲೇ ಕಟ್ಟಿದೆ. ನಿಂತ ಕಾರಿಗೆ ಯಾಕೆ ಅಂತ ಬಿಡಬೇಡಿ. ಗೋಡೆ ಕುಸಿಯಲು ಕಾರು ಓಡಬೇಕಾಗಿಲ್ಲ, ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸೂ ಹೋಗುತ್ತದೆ.

ಇನ್ನುಳಿದದ್ದು ಟ್ಯಾಗ್. ಪ್ಲಾಂಟಿನಲ್ಲಿ ನಾವು ಯಾವ ಪಂಪ್ ಬಿಚ್ಚುವ ಮೊದಲೂ ಬ್ರೇಕರಿಗೆ ಬೀಗ ಹಾಕಿ ಕೆಂಪು ಟ್ಯಾಗ್ ನೇತು ಹಾಕುತ್ತೇವೆ. ಬೀಗ ಹಾಕಿದವನೇ ಬಂದು ತೆಗೆಯುವ ತನಕ ಮ್ಯಾನೇಜರ್ ಬಂದರೂ ಸ್ಟಾರ್ಟ್ ಮಾಡುವ ಹಾಗಿಲ್ಲ. ಹತ್ತು ವರ್ಷದಿಂದ ಇದನ್ನು ಊರೆಲ್ಲ ಪಾಲಿಸಿದವನು ಮನೆಯಲ್ಲಿ ಪಾಲಿಸಿರಲಿಲ್ಲ. ರಟ್ಟಿನ ತುಂಡಿನ ಮೇಲೆ ಬರೆದೆ: “ಬ್ಯಾಟರಿ ಕಳಚಿದೆ. ಹಿಂದೆ ಮುಂದೆ ಜಾಲರಿ ಇದೆ. ಸ್ಟಾರ್ಟ್ ಮಾಡಬಾರದು. ನಾನು ಬಂದು ತೆಗೆಯುತ್ತೇನೆ.” ಸ್ಟೀರಿಂಗಿಗೆ ಕಟ್ಟಿದೆ. ಕೀ ಎರಡೂ ಬೀರುವಿನಲ್ಲಿ.

“ನನ್ನ ಮೇಲೆ ನಂಬಿಕೆ ಇಲ್ವಾ?” ಅಮ್ಮ ಕೇಳಿದಳು.

“ಕಳೆದ ಸಲ ತಪ್ಪು ಹೇಳಿ ಹೋದದ್ದು ನಾನಮ್ಮ” ಅಂದೆ. ಅವಳು ಏನೂ ಹೇಳದೆ ಕಾಯಿ ಎಣಿಸಲು ಹೋದಳು.

ಜುಲೈ ಕೊನೆಗೆ ವಾಪಸ್ ಬಂದೆ. ಬೋನಿನಲ್ಲಿ ಮೂರು ಇಲಿ ಬಿದ್ದಿದ್ದವಂತೆ, ಬಾನೆಟ್ ಕೆಳಗೆ ಗೂಡು ಇಲ್ಲ. ಡಬ್ಬಿ ಎರಡರಲ್ಲೂ ನೀರು ತುಂಬಿತ್ತು. ಡ್ರೈವರ್ ಸೀಟಿನ ಹೊಲಿಗೆಯ ಸಂದಿಯಲ್ಲಿ ಮಾತ್ರ ಸ್ವಲ್ಪ ಬೂಷ್ಟು, ಒರಸಿದರೆ ಹೋಯಿತು. ಜಾಲರಿ ಬಿಚ್ಚಿ, ಬ್ಯಾಟರಿ ಜೋಡಿಸಿ, ಶಟರ್ ಪೂರ್ತಿ ಮೇಲೆತ್ತಿ, ಅಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಮೊದಲ ಸಲಕ್ಕೇ ಹಿಡಿಯಿತು. ಕೂಡಲೇ ಹೊರಗೆ ತಂದೆ.

ಡಿಸ್ಕಿನ ತೆಳು ತುಕ್ಕು ಉಜ್ಜಿ ಹೋಗುವ ತನಕ ಬ್ರೇಕು ಕರಕರ ಅನ್ನುತ್ತಿತ್ತು. ಟೈರಿನ ಗಾಳಿ 33ಕ್ಕೆ ಇಳಿಸಬೇಕಿತ್ತು. ಬಂಕಿಗೆ ಹೊರಟಾಗ ಅಮ್ಮ ತಾನೂ ಬರುತ್ತೇನೆ ಅಂದಳು. ಮಂಡಿ ಹಿಡಿದುಕೊಂಡು, ನನ್ನನ್ನೂ ಕಾರನ್ನೂ ಬೈಯುತ್ತಾ ಕೂತಳು. ನಂತೂರು ಸರ್ಕಲ್‌ನಲ್ಲಿ ಯಥಾಪ್ರಕಾರ ಬ್ಲಾಕ್. ಮುಂದಿನ ಲಾರಿ ಹೊಗೆ ಬಿಟ್ಟ ಕೂಡಲೇ ಅಮ್ಮ ಕಿಟಕಿ ಗಾಜು ಏರಿಸಿದಳು.